ತಿರುಪಿನ ಕನ್ನಡಕ

ನನ್ನ ಮುದ್ದಿನ ಅಸ್ಪಾಜಿಯಾ ಅಕ್ಕಾ,

ಇಟಲಿಯಿಂದ ನೀನು ಕಳಿಸಿದ ಕನ್ನಡಕ ನನ್ನ ಮದುವೆಯಾದ ಮರುವಾರವೇ ಬಂದಿತ್ತು. ಇಷ್ಟು ದಿನ ಹೇಳಲಿಲ್ಲವೆಂದು ಬಯ್ಯಬೇಡ. ಪಕ್ಕದ ಪುಟ್ಟ ತಿರುಪು ತಿರುಗಿಸಿದರೆ ಹತ್ತಿರದ್ದು, ದೂರದ್ದು ಎಲ್ಲ ಸರಿಹೋಗುತ್ತದೆ ಎಂದು ನೀನು ಎಷ್ಟು ಪ್ರೀತಿಯಿಂದ ಹೇಳಿದ್ದೆ! ನನಗೆ ಅಳುವೇ ಬಂತು. ನಲವತ್ತೇಳಕ್ಕೆ ಮದುಮಗಳಾದವಳು ನಾನು. ಬೆಳಿಗ್ಗೆ ಎದ್ದು ತೋದೆರ್ ನನ್ನನ್ನು ನೋಡುವ ರೀತಿಗೆ ಈಗಲೂ ಹದಿನೆಂಟರವಳಂತೆ ಕರಗಿಹೋಗುತ್ತೇನೆ ಅಕ್ಕಾ. ಅವನು ನೋಡುವ ಮುಖಕ್ಕೆ ಮುದುಕಿಯರ ಕನ್ನಡಕವೇ? ಹಿಟ್ಟಿನ ಡಬ್ಬಿಯ ಹಿಂದೆ ಬಚ್ಚಿಟ್ಟೆ.

ಈಸ್ಟರ್ ಹತ್ತಿರ ಬಂತು. ನೆರೆಯ ಹೆಂಗಸರೆಲ್ಲ ಹಬ್ಬದ ಮೊಟ್ಟೆಗಳ ಮೇಲೆ ಮೇಣದ ಚಿತ್ತಾರ ಬರೆಯಲು ನಮ್ಮ ಅಡುಗೆಮನೆಯಲ್ಲಿ ಸೇರಿದರು. ಹೊಸ ಸೊಸೆಯ ಪಾಲಿಗೆ ‘ಕಳೆದ ದಾರಿ’ ಚಿತ್ತಾರ, ಗೊತ್ತಲ್ಲ: ಮೊಟ್ಟೆಯ ಸುತ್ತ ಸುಳಿದು ಸುತ್ತಿ ಹೊರಟಲ್ಲಿಗೇ ಬಂದು ಸೇರುವ ಒಂದೇ ಗೆರೆ. ಬಿಸಿ ಮೇಣದಲ್ಲಿ ಅದನ್ನು ಎಳೆಯಲು ಮೊಟ್ಟೆಯನ್ನು ತೋಳುದ್ದ ದೂರ ಹಿಡಿದೆ.

“ಏನೇ ದೊಮ್ನಿಕಾ, ಮೊಟ್ಟೆ ಜೊತೆ ಮಾತು ಬಿಟ್ಟಿದ್ದೀಯಾ?” ಎಂದು ಪಕ್ಕದ ಮನೆಯ ಫ್ಲೋರಿಕಾ ಎಲ್ಲರನ್ನೂ ನಗಿಸಿದಳು. ನಾನೂ ನಕ್ಕೆ.

ಅತ್ತೆಯ ಕಪ್ಪು ಬಣ್ಣ ಊರಿಗೇ ಹೆಸರುವಾಸಿ. ಅಕ್ರೋಟಿನ ಹಸಿ ಸಿಪ್ಪೆಯನ್ನು ಶರತ್ಕಾಲದಿಂದ ನೆನೆಹಾಕಿ ಕಾಯ್ದದ್ದು. ಮೊದಲು ಅದ್ದುವುದು ಸೊಸೆಯ ಮೊಟ್ಟೆಯನ್ನು. ಅದ್ದಿ, ಒಣಗಿಸಿ, ಮೇಣದಬತ್ತಿಯ ಬಳಿ ಹಿಡಿದು, ಕರಗಿದ ಮೇಣವನ್ನು ಎಲ್ಲರೆದುರು ಒರೆಸಿದೆ. ಮೇಣದಡಿ ಬಿಳಿಯಾಗಿ ಉಳಿಯಬೇಕಿದ್ದ ಗೆರೆ ಅಲ್ಲಲ್ಲಿ ಕಡಿದುಹೋಗಿ ನಡುವೆ ಕಪ್ಪು ನುಗ್ಗಿತ್ತು. ಮದುವೆಯ ಮೊದಲ ವರ್ಷ ದಾರಿ ಕಡಿದರೆ ಸಂಸಾರವೂ ಕಡಿಯುತ್ತದೆ ಎನ್ನುತ್ತಾರೆ, ನಿನಗೆ ಗೊತ್ತೇ ಇದೆ. ಆ ಹೆಂಗಸರ ಬಾಯಿಂದ ಅದು ಬರುವ ಮೊದಲೇ ನನ್ನ ಬಾಯಿ ಓಡಿತು:

“ಬಣ್ಣ ಹುಳಿತುಹೋಗಿದೆ ಅತ್ತೆ, ಮೇಣವನ್ನೇ ತಿಂದುಬಿಟ್ಟಿದೆ.”

ಅತ್ತೆ ಬಣ್ಣದ ಮಡಕೆ ಎತ್ತಿಕೊಂಡು ಹೋಗಿ ಬೇಲಿಯಾಚೆ ಚೆಲ್ಲಿ ಬಂದರು.

ಮರುದಿನ ಒಬ್ಬಳೇ ಇದ್ದಾಗ ನಿನ್ನ ಕನ್ನಡಕ ತೆಗೆದೆ. ಒಂದು ಕಣ್ಣು ಮುಚ್ಚಿ ಈ ಕಡೆಯ ತಿರುಪು, ಇನ್ನೊಂದು ಮುಚ್ಚಿ ಆ ಕಡೆಯದು. ಮಂಜು ಸರಿಯಿತು. ಮೊಟ್ಟೆಯ ಮೇಲೆ ಗೆರೆ ಕಡಿದಲ್ಲೆಲ್ಲ ಅಂಚು ದುಂಡಗೆ, ನುಣ್ಣಗಿತ್ತು. ಬಣ್ಣ ತಿಂದಿದ್ದರೆ ಅದು ಹರಕಲಾಗಿರಬೇಕಿತ್ತು; ಬಣ್ಣ ಏನನ್ನೂ ತಿಂದಿರಲಿಲ್ಲ. ಕಣ್ಣು ಕಾಣದೆ ನನ್ನ ಕೈಯೇ ಗೆರೆ ಬಿಟ್ಟು ಜಿಗಿದಿತ್ತು. ಕಿವಿಯವರೆಗೂ ಮುಖ ಸುಟ್ಟಿತು ಅಕ್ಕಾ.

ಕನ್ನಡಕ ಹಾಕಿಕೊಂಡೇ ಅತ್ತೆಯ ಬಳಿ ಹೋಗಿ, “ತಪ್ಪು ಬಣ್ಣದ್ದಲ್ಲ, ನನ್ನ ಕಣ್ಣಿಂದು” ಎಂದೆ. ಅವರು ಕನ್ನಡಕವನ್ನು ಕೇಳಿ ಪಡೆದು, ತಿರುಪುಗಳನ್ನು ತಮಗೆ ಬೇಕಾದಂತೆ ತಿರುಗಿಸಿಕೊಂಡು, ಮೊಟ್ಟೆಯನ್ನು ಬಹಳ ಹೊತ್ತು ನೋಡಿದರು.

“ಕಪ್ಪು ಚೆನ್ನಾಗೇ ಹಿಡಿದಿದೆ” ಎಂದರು. ಕನ್ನಡಕ ಹಿಂದಿರುಗಿಸಿ, “ಹಾಕ್ಕೊಂಡು ಹೋಗು. ಫ್ಲೋರಿಕಾ ಮನೇಲಿ ಇದನ್ನ ಹೇಳಿ ಬಾ, ಊರಿಗೆಲ್ಲ ಮುಟ್ಟುತ್ತೆ” ಎಂದರು.

ಅಂಗಳದಲ್ಲಿ ತೋದೆರ್ ಎದುರಾದ. ಎಲ್ಲವನ್ನೂ ಹೇಳಿದೆ. ಅವನು ಟೋಪಿ ಹುಡುಕತೊಡಗಿದ, “ನಾನೂ ಬರ್ತೀನಿ.” ಬೇಡವೆಂದೆ. ಫ್ಲೋರಿಕಾಳ ಬಾಗಿಲಿಗೆ ನಾನೊಬ್ಬಳೇ ಹೋಗಿ ಹೇಳಿ ಬಂದೆ. ಆದರೂ ಬಣ್ಣವೆಲ್ಲ ಚೆಲ್ಲಿಹೋದದ್ದರಿಂದ ಈ ವರ್ಷ ಚರ್ಚಿಗೆ ಹೋಗುವ ನಮ್ಮ ಬುಟ್ಟಿಯಲ್ಲಿ ಕಪ್ಪು ಮೊಟ್ಟೆ ಇರುವುದಿಲ್ಲ.

ಈಸ್ಟರ್ ದಿನ ಮೊಟ್ಟೆಗೆ ಮೊಟ್ಟೆ ತಾಗಿಸಿದವರು ಪರಲೋಕದಲ್ಲೂ ಭೇಟಿಯಾಗುತ್ತಾರಂತೆ. ಹಬ್ಬದ ಬೆಳಿಗ್ಗೆ ಆ ಪರದೇಶದಲ್ಲಿ ನಿನಗೂ ಮೊಟ್ಟೆ ತಾಗಿಸಲು ಒಂದು ಒಳ್ಳೆಯ ಕೈ ಜೊತೆಯಾಗಲಿ.

ನಾಚಿಕೆಯಿಂದ, ಪ್ರೀತಿಯಿಂದ,
ನಿನ್ನ ದೊಮ್ನಿಕಾ