ನಡುವೆ ನಿಂತ ಪ್ರಸಂಗಪೀಠ

ಹೊಸಕೋಟೆ
13-7-1964, ಸೋಮವಾರ

ಮುದ್ದು ಮೊಮ್ಮಗಳು ದಯಾಮಣಿಗೆ,

ಹೇಗಿದ್ದೀಯಮ್ಮ? ಕೋಲಾರದ ಆಸ್ಪತ್ರೆಯಲ್ಲಿ ನಿಂತೂ ನಿಂತೂ ಕಾಲು ಊದುತ್ತದೆ ಎಂದು ಬರೆದಿದ್ದೆ. ಬಿಸಿನೀರಿಗೆ ಉಪ್ಪು ಹಾಕಿ ಕಾಲಿಟ್ಟುಕೋ. ನರ್ಸಮ್ಮನಾಗಲು ಹೋದವಳಿಗೆ ತಾತ ವೈದ್ಯ ಹೇಳುತ್ತಾನೆ ಎಂದು ನಗಬೇಡ. ನಾನು ಆರೋಗ್ಯವಾಗಿದ್ದೇನೆ. ನಿನ್ನಜ್ಜಿಯ ಮಂಡಿ ಹಾಗೇ ಇದೆ, ಬಾಯಿ ಮಾತ್ರ ಚುರುಕು.

ಸಮಾಚಾರವೆಂದರೆ ನಮ್ಮ ದೇವಾಲಯದ್ದು. ಗೋಡೆಯ ಗಾರೆ ಉದುರುತ್ತಿತ್ತು, ರಿಪೇರಿ ಹಿಡಿದಿದ್ದೇವೆ. ಹೇಗೂ ಕೆಲಸ ನಡೆದಿದೆಯಲ್ಲ, ಅಯ್ಯನವರು ಹತ್ತಿ ನಿಂತು ಬೋಧಿಸುವ ನಡುವಿನ ಪ್ರಸಂಗಪೀಠವನ್ನು ಕಿತ್ತು ಪಕ್ಕದಲ್ಲಿ ಚಿಕ್ಕದಾಗಿ ಕಟ್ಟಿ, ರೊಟ್ಟಿ ದ್ರಾಕ್ಷಾರಸ ಇಡುವ ಕರ್ತನ ಮೇಜನ್ನು ನಡುವೆ ಇಡೋಣ ಎಂದು ಹೊಸ ಅಯ್ಯನವರು ಹೇಳಿದ್ದಾರೆ. ಬರುವ ಭಾನುವಾರ ಆರಾಧನೆ ಮುಗಿದ ಮೇಲೆ ಸಭೆ ಕೂತು ತೀರ್ಮಾನ.

ಆ ಪೀಠ ನಡುವೆಯೇ ಯಾಕಿದೆ ಎಂದು ನಿನಗೆ ಯಾರೂ ಹೇಳಿರಲಾರರು. ಕಟ್ಟಿಸಿದ ಲಂಡನ್ ಮಿಷನ್ನಿನ ಪಾದ್ರಿಗಳು ಕಾಂಗ್ರಿಗೇಷನಲ್ ಪಂಗಡದವರು. ಅವರಲ್ಲಿ ಬಿಷಪ್ಪರ ಅಪ್ಪಣೆ ಎಂಬುದಿರಲಿಲ್ಲ. ಗಂಡಸರು ಹೆಂಗಸರು ಒಟ್ಟಿಗೆ ಕೂತು ಮಾತಾಡಿ, ಒಪ್ಪಿದವರು ಎದ್ದು ನಿಲ್ಲಬೇಕು. ಎದ್ದವರು ಹೆಚ್ಚಿದ್ದರೆ ಅದೇ ತೀರ್ಮಾನ. ದೇವರ ವಾಕ್ಯ ಕೇಳುವುದೇ ಅವರಿಗೆ ಮುಖ್ಯ, ಆದ್ದರಿಂದ ಪೀಠ ನಡುವೆ. ಗೋಪುರವಿಲ್ಲ, ಬಣ್ಣದ ಗಾಜಿಲ್ಲ. ಕಲ್ಲಿನ ತಳಪಾಯ, ಇಟ್ಟಿಗೆ ಗೋಡೆ, ತೇಗದ ತೊಲೆ, ಮೇಲೆ ಮಂಗಳೂರು ಹೆಂಚು. ಕಿಟಕಿಗಳು ಮಾತ್ರ ಕಮಾನಿನವು. ಈಗ ಗಾರೆ ಮಾಡುತ್ತಿರುವ ಲಾಲ್ ಸಾಬ್‌ನ ತಾತನೇ ಆಗ ಮೇಸ್ತ್ರಿಯಂತೆ. “ನಿಮ್ಮ ಪಾದ್ರಿ ಚೌಕದ ಕಿಟಕಿ ಕೇಳಿದ್ರು, ನಮ್ಮಜ್ಜ ಕಮಾನು ಎತ್ತಿಬಿಟ್ಟ. ಅರ್ಧ ಮಸೀದೀಲಿ ಕೂತಿದೀರಾ ಸಂಜೀವಪ್ಪಣ್ಣ!” ಎಂದು ಸಾರುವೆಯ ಮೇಲಿಂದ ನಗುತ್ತಾನೆ. ನಲವತ್ತೇಳರಲ್ಲಿ ದಕ್ಷಿಣ ಇಂಡಿಯಾ ಸಭೆಗೆ ಸೇರಿದ ಮೇಲೆ ನಮಗೂ ಬಿಷಪ್ಪರು ಬಂದರು. ಎದ್ದು ನಿಲ್ಲುವ ಪದ್ಧತಿಯನ್ನು ಮಾತ್ರ ನಮ್ಮವರು ಬಿಟ್ಟಿಲ್ಲ.

ನನಗೆ ಆ ಪೀಠ ಬೇಕಮ್ಮ. ಇಸ್ಕೂಲಿನ ಮೆಟ್ಟಿಲು ಹತ್ತದವನು ನಾನು. ಪೀಠಕ್ಕೆ ಗಂಡಸರು ಕೂರುವ ಕಡೆಯ ಹಲಗೆಯಲ್ಲಿ ಬೈಬಲ್ಲಿನ ವಚನ ಕೆತ್ತಿದೆಯಲ್ಲ, ಪ್ರಸಂಗ ಉದ್ದವಾದಾಗಲೆಲ್ಲ ಆ ಅಕ್ಷರಗಳನ್ನು ತೊಡೆಯ ಮೇಲೆ ಬೆರಳಲ್ಲಿ ತೀಡಿ ಓದು ಕಲಿತೆ.

ನಿನ್ನಜ್ಜಿ ಮುನಿತಾಯಮ್ಮನವರು ಅಯ್ಯನವರ ಕಡೆ! ಮೇಜು ಪೀಠದ ಆಚೆ, ಗಂಡಸರ ಕಡೆ ಇದೆ ಎಂಬುದೇ ಅವಳ ತಕರಾರು. “ಮದ್ವೆ ಆಗಿ ಬಂದಾಗಿಂದ ಅಯ್ಯನೋರು ರೊಟ್ಟಿ ಮುರಿಯೋದನ್ನ ಒಂದ್ಸಲಾನೂ ನೋಡಿಲ್ಲ ಕಣ್ರೀ. ನಿಮ್ಮ ಪೀಠ ನೋಡ್ಕೊಂಡೇ ಮುದುಕಿ ಆದೆ” ಅಂದಳು. “ಕಿವಿ ಇದ್ಯಲ್ಲ, ಕೇಳಿಸ್ಕೋ” ಅಂದೆ. ಅವತ್ತಿನಿಂದ ಸಾರಿಗೆ ಉಪ್ಪಿಲ್ಲ.

ಎರಡು ಕಡೆಯೂ ಹೆಚ್ಚುಕಡಿಮೆ ಸಮ ಇದೆ. ಊರಲ್ಲಿಲ್ಲದವರು ಬರೆದು ಕಳಿಸಿದ ಮಾತನ್ನು ಸಭೆಯಲ್ಲಿ ಓದಿ ಲೆಕ್ಕಕ್ಕೆ ಹಿಡಿಯುತ್ತಾರೆ. ಪೀಠ ಅಲ್ಲೇ ಇರಲಿ ಎಂದು ಎರಡು ಸಾಲು ಬರೆದು ಕಳಿಸು.

ಜೊತೆಯ ಹುಡುಗಿಯರನ್ನು ಕೇಳಿದೆನೆಂದು ಹೇಳು. ನಿನ್ನ ಕೈ ಮುಟ್ಟಿದ ರೋಗಿಗಳೆಲ್ಲ ತಮ್ಮ ಕಾಲಲ್ಲೇ ಮನೆಗೆ ನಡೆದು ಹೋಗುವಂತೆ ದೇವರು ಮಾಡಲಿ.

ನಿನ್ನ ತಾತ
ಸಂಜೀವಪ್ಪ

ತಾ.ಕ.: ಕಾಗದ ಅಂಟಿಸುವ ಮೊದಲು ಲಾಲ್ ಸಾಬ್‌ಗೆ ಬಾಗಿಲು ತೆಗೆಯಲು ದೇವಾಲಯಕ್ಕೆ ಹೋಗಿದ್ದೆ. ಅವನು ಬರುವುದು ತಡವಾಯಿತು. ಸುಮ್ಮನೆ ನಿನ್ನಜ್ಜಿಯ ಬೆಂಚಿನಲ್ಲಿ ಕೂತೆ; ಗಂಡಸು ಆ ಕಡೆ ಕೂರುವುದುಂಟೇ, ಇದೇ ಮೊದಲು. ಮೇಜು ಕಾಣುವುದೇ ಇಲ್ಲ. ಅಕ್ಷರವೂ ಕಾಣುವುದಿಲ್ಲ, ಪೀಠದ ಮೆಟ್ಟಿಲು ಒಂದೇ. ನಿನ್ನಜ್ಜಿ ಇಂದಿಗೂ ಹೆಬ್ಬೆಟ್ಟು. ನೀನೂ ಅಲ್ಲೇ ಕೂತು ಬೆಳೆದವಳು, ಒಂದು ದಿನವಾದರೂ ಹೇಳಲಿಲ್ಲವಲ್ಲ. ಮೇಲೆ ನಾನು ಕೇಳಿದ್ದನ್ನು ಬಿಟ್ಟುಬಿಡು, ನಿನಗೆ ತೋಚಿದ್ದನ್ನು ಬರೆ, ಶನಿವಾರದೊಳಗೆ ಮುಟ್ಟಲಿ. ನಾನು ಮೇಜಿನ ಪರವಾಗಿ ಎದ್ದು ನಿಲ್ಲುತ್ತೇನೆ. ಅವಳಿಗೆ ಹೇಳಿಲ್ಲ. ಭಾನುವಾರ ಹೆಂಗಸರ ಕಡೆಯಿಂದ ತಿರುಗಿ ತಾನೇ ನೋಡಲಿ.