ಗುಡುಗು ಕೇಳುವವನು

ಮೊದಲ ತಿಂಗಳು, ಆರನೇ ದಿನ. ಬೆಳಿಗ್ಗೆ

ಗುಡಿಯ ಮಾಳಿಗೆಯ ಮೇಲೆ ನಿಂತಿದ್ದೆ. ಮೋಡವಿಲ್ಲ. ಏನೂ ಕೇಳಿಸಲಿಲ್ಲ. ಇಳಿದು ಬಂದು ಪೂಜಾರಿ ಹುತರ್ಲಿಯವರಿಗೆ ಹಾಗೆಂದೇ ಹೇಳಿದೆ.

ಗುಡುಗಿನ ದೇವರ ಗೋಧಿ-ಮಡಕೆ ಶರತ್ಕಾಲದಲ್ಲಿ ಮುಚ್ಚಿದಂತೆಯೇ ಇದೆ. ಬಾಯಿಗೆ ಮೆತ್ತಿದ ಮಣ್ಣಿನ ಮೇಲೆ ಅವರ ಮುದ್ರೆ, ನನ್ನ ಮುದ್ರೆ. ವಸಂತದ ಮೊದಲ ಗುಡುಗು ಕೇಳಬೇಕು, ಆಮೇಲೆ ಮಡಕೆ ಒಡೆಯಬೇಕು, ಅದರ ಗೋಧಿಯಿಂದ ದಪ್ಪ ರೊಟ್ಟಿ ಸುಟ್ಟು ದೇವರಿಗಿಡಬೇಕು. ಅಲ್ಲಿಯವರೆಗೆ ಕೋಟೆಯ ಹೊರಗೆ ಕಾಳು ಹೂತಿಟ್ಟ ನೆಲಗಣಜಕ್ಕೆ ಯಾರೂ ಗುದ್ದಲಿ ಹಾಕುವಂತಿಲ್ಲ. ಹಟ್ಟಿ ದೊರೆಯ ಈ ದೇಶದಲ್ಲಿ ಎಲ್ಲ ಊರಿನಲ್ಲೂ ಹೀಗೆಯೇ.

ಹುತರ್ಲಿಯವರ ಕಿವಿ ಹೋದ ಮೇಲೆ ಕೇಳುವ ಕೆಲಸ ನನ್ನದು. ಗುಡಿಯ ಲಿಪಿಕಾರ, ಜೊತೆಗೆ ಗುಡಿಯ ಕಿವಿ.

ಹೋದ ವರ್ಷಗಳಲ್ಲಿ ಮೂರು ಗಣಜ ತುಂಬುತ್ತಿದ್ದವು. ಮಳೆಯಿಲ್ಲದೆ ಈ ಸಲ ಒಂದು. ಅದರಲ್ಲಿರುವುದು ಜವೆಗೋಧಿ, ಅದೂ ಬಿತ್ತನೆಯದು.

ಬರೆಯುವ ಹಲಗೆಯ ಮೇಣ ಗಟ್ಟಿಯಾಗಿದೆ. ಹಲಗೆಯನ್ನು ಒಲೆಯ ಹತ್ತಿರ ಹಿಡಿಯದೆ ಅಕ್ಷರ ಏಳುವುದಿಲ್ಲ. ಇದು ಗುಡಿಯ ಹಲಗೆಯಲ್ಲ, ನನ್ನದು. ತುಂಬಿದಾಗ ಕಾಯಿಸಿ ಅಳಿಸಿಬಿಡಬಹುದು.

ಎಂಟನೇ ದಿನ. ಸಂಜೆ

ಮಗಳು ನಿವಾ ತವರಿಗೆ ಬಂದಿದ್ದಾಳೆ, ಕೂಸಿನ ಜೊತೆ. ಅಳಿಯ ದಂಡಿನಲ್ಲಿ — ಸುದ್ದಿಯಿಲ್ಲ. ಅತ್ತೆಮನೆಯವರು ದಕ್ಷಿಣಕ್ಕೆ ಹೊರಟರಂತೆ. ಹಾಲೂಡಿಸುವವಳನ್ನು ದಾರಿಯಲ್ಲಿ ಸಾಕುವುದಕ್ಕೆ ಆಗುವುದಿಲ್ಲ ಎಂದರಂತೆ. ಅವಳೇ ಅದನ್ನು ಹೇಳಿದಳು, ಯಾರದೋ ಮನೆಯ ವಿಷಯದ ಹಾಗೆ.

ಊಟಕ್ಕೆ ಓಕ್ ಕಾಯಿಯ ಹಿಟ್ಟಿನ ಗಂಜಿ. ಎರಡು ನೀರು ಬಸಿದರೂ ಕಹಿ. ಹಬ್ಬಕ್ಕೆ ದೇವರಿಗಿಡುವ ಹೂವಿನ ಗಡ್ಡೆಗಳನ್ನು ಯಾರೋ ಬೆಟ್ಟದಲ್ಲಿ ಆಗಲೇ ಅಗೆದು ತಿಂದಿದ್ದಾರೆ. ಹೆಂಡತಿ ತತಿವಸ್ತಿಯೂ ನಾಲ್ಕು ತಂದಿದ್ದಳು. ಎಲ್ಲಿಂದ ಎಂದು ಕೇಳಲಿಲ್ಲ. ಅವನ್ನು ನಿವಾಳಿಗೆ ಹಾಕಿದಳು.

"ನಿಮಗೆ ಬೇಡ ಅಲ್ವಾ? ನೀವು ಗುಡಿಯವರು," ಎಂದಳು. ಅವಳು ನಕ್ಕದ್ದನ್ನು ಬಹಳ ದಿನಗಳ ಮೇಲೆ ನೋಡಿದೆ.

ಹನ್ನೊಂದನೇ ದಿನ

ಮಧ್ಯಾಹ್ನ ಸದ್ದು. ಪಡುವಣ ಕೇರಿಯಿಂದ, ದಡದಡ, ಉದ್ದಕ್ಕೆ. ನಾನು ಮಾಳಿಗೆ ಇಳಿಯುವಷ್ಟರಲ್ಲಿ ಅಂಗಳ ತುಂಬಿತ್ತು. ಬುಟ್ಟಿ, ಕೊಡ, ಮೊರ. ಒಬ್ಬಳು ಹೊದ್ದ ಬಟ್ಟೆಯನ್ನೇ ಬಿಚ್ಚಿ ಹಿಡಿದು ನಿಂತಿದ್ದಳು.

ಹುತರ್ಲಿಯವರು ನನ್ನ ಮುಖ ನೋಡಿದರು. "ಜನ ಕೇಳ್ಸಿತು ಅಂತಾರೆ. ನಿನಗೆ ಕೇಳ್ಸಿತಾ ಪಲ್ಲಾ?"

ಮೇಲಿನಿಂದ ನಾನು ನೋಡಿದ್ದೆ. ಕುಂಬಾರ ಜಿದಿ ತನ್ನ ಮನೆಯ ಮಣ್ಣು ಮಾಳಿಗೆಯ ಮೇಲೆ ಉರುಳುಗಲ್ಲು ಎಳೆಯುತ್ತಿದ್ದ. ಮಳೆ ಬಿದ್ದ ಮೇಲೆ ಮಾಳಿಗೆ ಬಿಗಿಯಾಗಲೆಂದು ಎಳೆಯುವ ಕಲ್ಲು ಅದು. ಮಳೆಯೇ ಇಲ್ಲದಾಗ ಯಾಕೆ?

"ಗುಡುಗಲ್ಲ. ಉರುಳುಗಲ್ಲು," ಎಂದೆ.

ಬುಟ್ಟಿಗಳು ಹಾಗೇ ಹಿಂದಕ್ಕೆ ಹೋದವು. ಬಟ್ಟೆ ಹಿಡಿದಿದ್ದವಳು ನನ್ನ ಕಾಲ ಬಳಿ ಉಗಿದು ಹೋದಳು.

ಸಂಜೆ ಜಿದಿ ಬಂದ. ಚಿಕ್ಕಂದಿನಿಂದ ಜೊತೆಯವನು, ಬಾಗಿಲು ಬಡಿಯುವ ರೂಢಿ ಅವನಿಗಿಲ್ಲ.

"ಏನಯ್ಯಾ, ದೇವರಿಗೆ ಗಂಟಲು ಕಟ್ಟಿದೆ. ಸ್ವಲ್ಪ ಸಹಾಯ ಮಾಡೋಣ ಅಂದ್ರೆ ನೀನು ಬಿಡ್ಲಿಲ್ಲ."

"ಗಣಜದಲ್ಲಿರೋದು ಬೀಜ, ಜಿದಿ."

"ಗೊತ್ತು."

"ಅರ್ಧ ತೆಗೆದು ಅರ್ಧ ಮುಚ್ಚಿಡೋಕಾಗಲ್ಲ. ಒಂದು ಸಲ ಗಾಳಿ ಹೊಕ್ಕರೆ ಹುಳು ಹಿಡಿಯತ್ತೆ. ತೆಗೆದರೆ ಅಷ್ಟೂ ತಿನ್ನಬೇಕು. ಶರತ್ಕಾಲಕ್ಕೆ ಏನು ಬಿತ್ತುತೀಯ?"

"ಶರತ್ಕಾಲಕ್ಕೆ ಬಿತ್ತೋನು ಯಾರು? ನಮ್ಮವ್ವ ಎದ್ದು ಕೂತು ಮೂರು ದಿನ ಆಯ್ತು." ಆಮೇಲೆ ಎದ್ದ. "ನಿನ್ನ ಕಿವಿ ಮಾತ್ರ ಚೆನ್ನಾಗಿದೆ ಕಣೋ. ಕಾಪಾಡ್ಕೋ."

ಹದಿನಾಲ್ಕನೇ ದಿನ

ರಾಜಧಾನಿಯಿಂದ ದೂತ. ಈ ವರ್ಷವೂ ವಸಂತದ ಹಬ್ಬದಲ್ಲಿ ದೇವರ ರೊಟ್ಟಿಗಳ ಸಂಖ್ಯೆ ಇಳಿಯಕೂಡದು. ಕಡಲಾಚೆಯ ಮಿಸ್ರ ದೇಶದಿಂದ ಧಾನ್ಯದ ಹಡಗು ಬರುತ್ತಿದೆ, ಎಲ್ಲರೂ ತಮ್ಮ ತಮ್ಮ ಜಾಗದಲ್ಲೇ ಇರಬೇಕು. ಅಂಗಳದಲ್ಲಿ ನಾನೇ ಓದಿ ಹೇಳಿದೆ. ದೂತನ ಕತ್ತೆಯ ಪಕ್ಕೆಲುಬು ಎದ್ದು ಕಾಣುತ್ತಿತ್ತು. ಜನ ನನ್ನ ಮಾತಿಗಿಂತ ಅದನ್ನೇ ನೋಡುತ್ತಿದ್ದರು.

ಮನೆಯಲ್ಲಿ ತತಿವಸ್ತಿ: "ಹೋದ ವರ್ಷದ ಹಡಗೇನಾ ಇದು? ಇನ್ನೂ ಬೆಟ್ಟ ಹತ್ತುತಾ ಇದೆಯಾ?"

ಇಪ್ಪತ್ತಮೂರನೇ ದಿನ

ಬರೆಯಲಿಲ್ಲ. ಮಾಳಿಗೆ ಹತ್ತುವುದು, ಇಳಿಯುವುದು, ಇಲ್ಲ ಎನ್ನುವುದು. ಅದನ್ನೇ ಎಷ್ಟು ದಿನ ಬರೆಯಲಿ?

ಜಿದಿಯ ತಾಯಿ ಹದಿನಾರರಂದು ಹೋದಳು. ನನ್ನನ್ನೂ ಸಾಕಿದ ಕೈ. ಚಿತೆಯ ಹತ್ತಿರ ಜಿದಿ ತಮಾಷೆ ಮಾಡಲಿಲ್ಲ.

ನಿನ್ನೆ ಅವನೂ ಹೊರಟ. ಹೋಗುವವರು ಈಗ ಅಳುವುದಿಲ್ಲ, ಮನೆಯನ್ನು ಗುಡಿಸಿ, ಬಾಗಿಲಿನ ಹಲಗೆಯನ್ನೂ ಬಿಚ್ಚಿ ಕತ್ತೆಗೆ ಕಟ್ಟಿಕೊಂಡು ಹೋಗುತ್ತಾರೆ. ಯಾರೂ ಈ ಊರನ್ನು ಗೆದ್ದಿಲ್ಲ, ಸುಟ್ಟಿಲ್ಲ. ಪಡುವಣ ಕೇರಿಯಲ್ಲಿ ಬಾಗಿಲಿರುವ ಮನೆ ಈಗ ಎರಡು.

ತಿರುವಿನಲ್ಲಿ ಜಿದಿ ನಿಂತ. "ಉರುಳುಗಲ್ಲು ಹೊರೋಕೆ ಆಗ್ಲಿಲ್ಲ. ಮಾಳಿಗೆ ಮೇಲೇ ಇದೆ. ಬೇಕಾದ್ರೆ ಎಳ್ಕೋ."

"ನಾನ್ಯಾಕೆ ಎಳೀಲಿ?"

"ಬೇಕಾದ್ರೆ ಅಂದೆ."

ಇಪ್ಪತ್ತೈದನೇ ದಿನ. ಮಧ್ಯಾಹ್ನ

ನಿವಾಳ ಹಾಲು ನಿಂತಿದೆ. ನಿನ್ನೆ ಸಂಜೆಯಿಂದ. ಕೂಸಿಗೆ ಓಕ್ ಹಿಟ್ಟಿನ ತಿಳಿನೀರನ್ನು ಬಟ್ಟೆಯಲ್ಲಿ ಅದ್ದಿ ಚೀಪಿಸಿದರು. ಕಕ್ಕಿತು. ಈಗ ಅಳುವುದನ್ನೂ ಬಿಟ್ಟಿದೆ. ಮನೆ ಇಷ್ಟು ಸದ್ದಿಲ್ಲದೆ ಇದ್ದದ್ದು ನನಗೆ ನೆನಪಿಲ್ಲ.

ಹೊರಡೋಣವೆಂದರೆ ಮುಂದಿನ ಊರಿಗೆ ಬೆಟ್ಟ ದಾಟಬೇಕು. ಗಂಜಿ ಕುಡಿದು ನಿವಾ ಒಂದಿಷ್ಟು ಚೇತರಿಸಿಕೊಂಡರೆ ದಾಟಬಹುದು. ಜವೆಯ ಗಂಜಿ ಎದೆಯಲ್ಲಿ ಹಾಲಿಳಿಸುತ್ತದೆ, ತತಿವಸ್ತಿ ಹೇಳುತ್ತಾಳೆ. ಜವೆ ಎಲ್ಲಿದೆ ಎಂದು ಅವಳು ಹೇಳುವುದಿಲ್ಲ. ಹೇಳುವ ಅಗತ್ಯವೂ ಇಲ್ಲ.

ಗುಡಿಯ ಕೆಲಸಕ್ಕೆ ಸೇರುವಾಗ ಮಾಡಿದ ಆಣೆ ನನಗೆ ಬಾಯಿಪಾಠ. ದೇವರಿಗೆ ಮೋಸ ಮಾಡಿದವನು ಒಬ್ಬನೇ ಸಾಯುವುದಿಲ್ಲ. ಹೆಂಡತಿ, ಮಕ್ಕಳು, ಮಕ್ಕಳ ಮಕ್ಕಳು... ಅದನ್ನೂ ಅವಳಿಗೆ ಹೇಳಿದೆ.

"ಆ ಶಾಪ ತಗಲೋಕೂ ಮಗು ಬದುಕಿರ್ಬೇಕಲ್ವಾ?" ಎಂದಳು. ಸಿಟ್ಟಿರಲಿಲ್ಲ. ಬಟ್ಟೆ ಹಿಂಡುತ್ತಿದ್ದಳು.

ಅದೇ ದಿನ. ಸಂಜೆ

ಹುತರ್ಲಿಯವರು ಕೋಲೂರಿಕೊಂಡು ಮನೆಗೇ ಬಂದರು. ಹಿಂದೆಂದೂ ಬಂದವರಲ್ಲ. ಕೂಸನ್ನು ನೋಡಿದರು. ಹೊರಗೆ ಬಂದು ಜಗಲಿಯ ಮೇಲೆ ಕೂತರು.

"ಇವತ್ತು?"

ಇಲ್ಲವೆಂದು ತಲೆಯಾಡಿಸಿದೆ.

"ಕಿವುಡನಿಗೆ ಒಂದು ಸುಖ ಇದೆ ಪಲ್ಲಾ. ದೇವರು ಮಾತಾಡಿದ್ರೂ ನಿನ್ನನ್ನೇ ಕೇಳ್ಬೇಕು, ಆಡದಿದ್ರೂ ನಿನ್ನನ್ನೇ ಕೇಳ್ಬೇಕು. ನೀನು ಏನು ಅಂತೀಯೋ ನನಗೆ ಅದೇ."

ಅವರ ಕಿವಿಯ ಹತ್ತಿರ ಬಾಗಿ ಕೇಳಿದೆ: "ಬೀಜ ಹೋಗತ್ತೆ. ಬೀಜ ಹೋದ್ರೆ ಊರು ಹೋಗತ್ತೆ. ತಮಗೆ ಗೊತ್ತಲ್ವಾ?"

ಕೇಳಿಸಿತೋ ಇಲ್ಲವೋ. ಬೀದಿಯ ಕಡೆ ನೋಡುತ್ತಿದ್ದರು. ಬಾಗಿಲಿಲ್ಲದ ಮನೆಗಳು ಸಾಲಾಗಿ ಬಾಯಿ ತೆರೆದಿದ್ದವು.

"ನಾನು ಗುಡಿ ಬಿಟ್ಟು ಬರಲ್ಲ," ಎಂದರು ಏಳುವಾಗ. "ನನ್ನ ಪಾಲು ನಿನ್ನ ಮಗಳಿಗಿರ್ಲಿ."

ಇಪ್ಪತ್ತಾರನೇ ದಿನ. ಹೊತ್ತು ಮುಳುಗುವಾಗ

ಆಕಾಶ ತೊಳೆದಿಟ್ಟ ಬೋಗುಣಿಯ ಹಾಗಿದೆ. ಕೂಸು ಎರಡು ಸಲ ಕಣ್ಣು ಬಿಟ್ಟಿತು.

ಜಿದಿಯ ಮಾಳಿಗೆ ಹತ್ತಿ ಬಂದೆ. ಕಲ್ಲು ಅಲ್ಲೇ ಇದೆ. ಹಗ್ಗವೂ ಇದೆ. ಕೈ ಹಾಕಿ ನೋಡಿ ಬಿಟ್ಟುಬಂದೆ. ಅದು ಬೇಡ. ಕಲ್ಲಿನ ಹಿಂದೆ ನಾನು ಅಡಗಿದಂತಾಗುತ್ತದೆ. ಸುಳ್ಳು ನನ್ನ ಬಾಯಿಂದಲೇ ಬರಲಿ, ಆಣೆ ಮಾಡಿದ್ದೂ ಇದೇ ಬಾಯಿ.

ಇಷ್ಟು ದಿನ ಬೀಜ ಕಾಯುತ್ತಿದ್ದೇನೆ ಎಂದುಕೊಂಡಿದ್ದೆ. ಯಾರಿಗಾಗಿ ಎಂದು ಕೇಳಿಕೊಂಡಿರಲಿಲ್ಲ. ಊರು ಉಳಿಯುವುದಿಲ್ಲ. ಗಣಜ ತೆಗೆದರೆ ಬೇಗ, ತೆಗೆಯದಿದ್ದರೆ ಸ್ವಲ್ಪ ತಡವಾಗಿ. ಉಳಿದವರು ಹೊಟ್ಟೆಗೆ ತಿಂದು, ಬೆಟ್ಟ ದಾಟುವಷ್ಟು ಕಾಲು ಗಟ್ಟಿ ಮಾಡಿಕೊಂಡು ಹೋಗಲಿ.

ತತಿವಸ್ತಿಗೆ ಹೇಳಿದೆ. ಅವಳು ಎದ್ದು ಬೀಸುಕಲ್ಲಿನ ಮೇಲಿನ ಧೂಳು ಒರೆಸಿದಳು.

ನಾಳೆ ಬೆಳಿಗ್ಗೆ ಮಾಳಿಗೆ ಹತ್ತುತ್ತೇನೆ, ಎಂದಿನಷ್ಟೇ ಹೊತ್ತು ನಿಲ್ಲುತ್ತೇನೆ. ಇಳಿದು ಹುತರ್ಲಿಯವರ ಕೈ ಹಿಡಿದು, ಎಲ್ಲರಿಗೂ ಕೇಳುವಂತೆ, ಕೇಳಿಸಿತು ಎನ್ನುತ್ತೇನೆ. ಯಾವ ಕಡೆಯಿಂದ ಎಂದು ಕೇಳುವುದು ರೂಢಿ. ಉತ್ತರದ ಬೆಟ್ಟದ ಹಿಂದಿನಿಂದ. ಜೋರಾಗಿಯೋ ಮೆಲ್ಲಗೋ ಎಂದೂ ಕೇಳುತ್ತಾರೆ. ಮೆಲ್ಲಗೆ. ಒಂದೇ ಸಲ, ಎನ್ನುತ್ತೇನೆ.