ನನ್ನ ಹೆಂಡತಿಯ ಸಾಕ್ಷಿಯನ್ನು ಹೊಡೆದುಹಾಕಿ

ಶಬ್ದ ನಿಯಂತ್ರಣ ಕಚೇರಿಯ ಮುಖ್ಯಾಧಿಕಾರಿಗಳೇ,

ಹನ್ನೊಂದು ತಿಂಗಳಿಂದ ನಮ್ಮ ಮನೆಯ ಗೋಡೆಯಾಚೆ ಒಂದು ಲಾರಿ ಇಂಜಿನ್ ಆರಿಸದೆ ನಿಂತಿದೆ. ಲಾರಿ ಇಲ್ಲ, ಶಬ್ದ ಮಾತ್ರ ಇದೆ. ದಪ್ಪಗೆ, ತಗ್ಗಿದ ದನಿಯಲ್ಲಿ ಗುಂಯ್ ಎನ್ನುತ್ತದೆ. ಹತ್ತಿರ ಬರುವುದಿಲ್ಲ, ದೂರವೂ ಹೋಗುವುದಿಲ್ಲ. ಇಡೀ ಬೀದಿಯಲ್ಲಿ ಅದು ಕೇಳುವುದು ನನಗೊಬ್ಬನಿಗೇ. ಇದನ್ನು ನಿಲ್ಲಿಸಿ ಎಂದು ಅರ್ಜಿ ಕೊಟ್ಟರೆ ತಮ್ಮ ಕಚೇರಿ ಒಂದು ಶಬ್ದವನ್ನು ಎರಡು ಮಾಡಿ ಕೊಟ್ಟಿದೆ. ಈ ಔದಾರ್ಯ ನಾಲ್ಕು ಜನಕ್ಕೆ ತಿಳಿಯಲೆಂದು ಬಹಿರಂಗವಾಗಿ ಬರೆಯುತ್ತಿದ್ದೇನೆ.

ಕಿವಿಯ ದೋಷವೆಂದು ತಾವು ಅನ್ನುವ ಮೊದಲೇ ಹೇಳಿಬಿಡುತ್ತೇನೆ: ಭಾವಮೈದುನನ ಮನೆಗೆ ಹೋದರೆ ಶಬ್ದ ಇರುವುದಿಲ್ಲ. ಕಿವಿ ಡಾಕ್ಟರು, "ನಿಮ್ಮ ಕಿವಿ ನನ್ನದಕ್ಕಿಂತ ಚೆನ್ನಾಗಿದೆ ಕಣ್ರೀ," ಎಂದರು. ಚೆನ್ನಾಗಿರಲೇಬೇಕು. ನಾನು ಹೊಲಿಗೆ ಯಂತ್ರ ರಿಪೇರಿ ಮಾಡುವವನು. ಮನೆಯ ಮುಂದಿನ ಕೋಣೆಯೇ ಅಂಗಡಿ. ಚಕ್ರ ತಿರುಗಿಸಿ ಕಿವಿ ಕೊಟ್ಟರೆ ಯಾವ ಭಾಗ ಸವೆದಿದೆ ಎಂದು ಬಿಚ್ಚದೆ ಹೇಳುತ್ತಿದ್ದೆ. ಈಗ ಆ ಸಣ್ಣ ಸದ್ದುಗಳೆಲ್ಲ ಗುಂಯ್‌ನೊಳಗೆ ಮುಳುಗಿವೆ. ಹೋದ ವಾರ ದರ್ಜಿಯಕ್ಕನೊಬ್ಬರು ನಾನು 'ಸರಿಯಾಗಿದೆ' ಎಂದು ಕೊಟ್ಟ ಯಂತ್ರವನ್ನು ವಾಪಸು ತಂದು, ತುಂಡಾದ ಮೂರು ಸೂಜಿಗಳನ್ನು ಮೇಜಿನ ಮೇಲಿಟ್ಟರು. ಬೈಯಲಿಲ್ಲ. "ಯಾಕಣ್ಣ, ಹುಷಾರಿಲ್ವಾ?" ಎಂದರು. ಬೈದಿದ್ದರೆ ವಾಸಿಯಿತ್ತು. ನನಗೂ ಈಗ ಸಿಟ್ಟು ಬರುವುದಿಲ್ಲ, ದುಃಖವೂ ಇಲ್ಲ. ಉಣ್ಣುತ್ತೇನೆ, ಎಣ್ಣೆ ಬಿಡುತ್ತೇನೆ, ತಿರುಪು ಬಿಗಿಯುತ್ತೇನೆ.

ತಮ್ಮ ನಿಯಮದ ಪ್ರಕಾರ, ಶಬ್ದ ಕೇಳಿದ ಇನ್ನೊಬ್ಬರ ಸಹಿಯಿಲ್ಲದೆ ಶಬ್ದ ಇರುವಂತಿಲ್ಲ. ಎಂಥ ಘನವಾದ ನಿಯಮ! ಹಲ್ಲು ನೋವಿಗೂ ಇದನ್ನು ವಿಸ್ತರಿಸಬಾರದೇಕೆ? ಮಹಡಿ ಮೇಲಿನ ನಿವೃತ್ತ ಮೇಷ್ಟ್ರನ್ನು ಕೇಳಿದೆ. "ನಮ್ಮನೆಯವಳು ಕೂಗಿದ್ದೇ ನಂಗೆ ಕೇಳ್ಸಲ್ಲ, ಇದೆಲ್ಲಿ ಕೇಳ್ಬೇಕಪ್ಪ," ಎಂದರು. ಕೊನೆಗೆ ನನ್ನ ಹೆಂಡತಿ ಸಹಿ ಹಾಕಿದಳು.

ತಮ್ಮ ತನಿಖಾಧಿಕಾರಿ ಅಳತೆಯ ಯಂತ್ರ ಹಿಡಿದು ಬೆಳಿಗ್ಗೆ ಹನ್ನೊಂದಕ್ಕೆ ಬಂದರು. ಅವರ ಜೀಪು ಹೊರಗೆ ಇಂಜಿನ್ ಆರಿಸದೆ ನಿಂತಿತ್ತು. ಯಂತ್ರ ಜೀಪನ್ನು ಬಹಳ ನಿಖರವಾಗಿ ಅಳೆಯಿತು. ಆಮೇಲೆ ಸಾಕ್ಷಿಯ ವಿಚಾರಣೆ.

"ಹೇಗಿರುತ್ತಮ್ಮ ಶಬ್ದ?"

"ಅದೇ ಸಾರ್... ಸೊಳ್ಳೆ ಥರ. ಕಿವಿ ಹತ್ರ ಕುಯ್ಯ್ ಅಂತ."

"ನಿಮ್ಮ ಯಜಮಾನ್ರು ಲಾರಿ ಅಂದ್ರಲ್ಲ?"

"ಲಾರೀನೂ ಇರತ್ತೆ ಸಾರ್, ಒಂದೊಂದ್ಸಲ."

ಹದಿನೈದು ದಿನಕ್ಕೆ ತಮ್ಮ ಆದೇಶ ಬಂತು: 'ಸ್ಥಳದಲ್ಲಿ ಎರಡು ಭಿನ್ನ ಶಬ್ದಗಳಿರುವುದು ಹೇಳಿಕೆಗಳಿಂದ ಕಂಡುಬರುತ್ತದೆ. ಒಂದನೇ ಹಾಗೂ ಎರಡನೇ ಶಬ್ದಕ್ಕೆ ಪ್ರತ್ಯೇಕ ಅರ್ಜಿಗಳನ್ನು, ಪ್ರತ್ಯೇಕ ಸಾಕ್ಷಿಗಳೊಂದಿಗೆ ಸಲ್ಲಿಸತಕ್ಕದ್ದು.'

ಓದಿ ಹೇಳಿದಾಗ ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ಹೇಗಿರತ್ತೆ ಅಂತ ಒಂದ್ಸಲ ಸರಿಯಾಗಿ ಹೇಳ್ಕೊಡಬಾರ್ದಿತ್ತಾ? ಎಲ್ಲಾ ಕೆಡಿಸ್ಬಿಟ್ನಲ್ಲ ನಾನು." ಹನ್ನೊಂದು ತಿಂಗಳು ಪ್ರತಿದಿನ ಸಂಜೆ ಆ ಗೋಡೆಗೆ ಕಿವಿಯಿಟ್ಟು ಐದು ನಿಮಿಷ ಕೂತು, "ಇವತ್ತೂ ಇಲ್ಲ ಕಣ್ರೀ," ಎಂದು ತಪ್ಪಿತಸ್ಥಳಂತೆ ಎದ್ದುಹೋಗುತ್ತಿದ್ದವಳು ಅವಳು. ಏನೂ ಕೇಳಿಸಲಿಲ್ಲ. ಆದರೂ ಸಹಿ ಹಾಕಿದಳು.

ಆದ್ದರಿಂದ ನನ್ನ ಬೇಡಿಕೆ ಇಷ್ಟು. ಅವಳ ಸಾಕ್ಷಿ ಸುಳ್ಳು, ಅದನ್ನು ಹೊಡೆದುಹಾಕಿ. ಎರಡನೇ ಶಬ್ದವನ್ನು ತಕ್ಷಣ ರದ್ದು ಮಾಡಿ, ಅದು ತಮ್ಮ ಕೈಲಾಗುವ ಕೆಲಸ. ಒಂದನೆಯದಕ್ಕೆ ತಾವೇ ಬನ್ನಿ. ಯಂತ್ರ ಬೇಡ, ಜೀಪನ್ನು ಬೀದಿಯ ಕೊನೆಗೆ ನಿಲ್ಲಿಸಿ. ಆ ಗೋಡೆಯ ಪಕ್ಕ ಅವಳು ಕೂರುವ ಮಣೆ ಇದೆ. ಐದು ನಿಮಿಷ ಕೂತು, ಏನೂ ಕೇಳಿಸದಿದ್ದರೆ ಅವಳು ದಿನಾ ಸಂಜೆ ಹೇಳುತ್ತಿದ್ದ ಹಾಗೆಯೇ ಹೇಳಿ ಹೋಗಿ. ನನಗೆ ಅಷ್ಟು ಸಾಕು.

ಇಂತಿ,
ಸಾಕ್ಷಿಯಿಲ್ಲದ ಒಂದನೇ ಶಬ್ದದ ಅರ್ಜಿದಾರ,
ಎರಡನೇ ಶಬ್ದದ ಗಂಡ